ಎಣ್ಣೆ ಹಚ್ಚದ ಮುಖ

ಫೆಬ್ರವರಿಯ ಒಂದು ಸೋಮವಾರ, ಬೆಳಗಿನ ಏಳು ಗಂಟೆ. ವಾಟರ್‌ಬರಿ ಊರಿನಲ್ಲಿ ಕಾಮಿಕ್ಸ್ ಚಿತ್ರಗಳಿಗೆ ಬಣ್ಣ ತುಂಬುವ ಕಾರ್ಖಾನೆಯ ಕಿಟಕಿಗಳಿಗೆ ಹಿಮ ಇನ್ನೂ ಅಂಟಿಕೊಂಡೇ ಇತ್ತು. ಮೇಸ್ತ್ರಿ ಹಾಲೊರನ್ ಅಚ್ಚಾಗಿ ಬಂದ ಹೊಸ ಕಾಮಿಕ್ಸ್ ಪುಸ್ತಕವನ್ನು ಓಜೆಲ್ಲಾಳ ಮೇಜಿನ ಮೇಲೆ ಎಸೆದು ಹೋದ. ಮುಖಪುಟದಲ್ಲಿ ಒಬ್ಬ ವೀರ ಕೈ ಚಾಚಿ ಆಕಾಶಕ್ಕೆ ನೆಗೆಯುತ್ತಿದ್ದ. ಓಜೆಲ್ಲಾಳ ಜನದವನೇ, ಕಪ್ಪು ವೀರ. ಹದಿನಾರು ವರ್ಷ ಅದೇ ಮೇಜಿನ ಮುಂದೆ ಕೂತು ಬಿಳಿ ವೀರರ ಕೆನ್ನೆಗೆ ಗುಲಾಬಿ ತುಂಬಿದವಳಿಗೆ ಇವನೇ ಮೊದಲಿಗ. ಆದರೆ ಅವನ ಮುಖ ತಣ್ಣಗಾದ ಒಲೆಯ ಬೂದಿಯಂತಿತ್ತು.

"ಲುವೀನಿಯಕ್ಕಾ, ನೋಡಿಲ್ಲಿ! ಲೋಕ ಕಾಯೋಕೆ ಹೊರಟವ್ನೆ ಮಹಾರಾಯ, ಹೊರಡೋವಾಗ ಮುಖಕ್ಕೆ ವ್ಯಾಸಲೀನ್ ಹಚ್ಚೋದೇ ಮರ್ತಿದಾಳೆ ಅವರಮ್ಮ!"

ಮಾತು ಹೊರಬಿದ್ದ ಮೇಲೆ ಓಜೆಲ್ಲಾ ನಾಲಿಗೆ ಕಚ್ಚಿಕೊಂಡಳು. ಪಕ್ಕದ ಮೇಜಿನ ಲುವೀನಿಯಾ ನಗಲಿಲ್ಲ. ಅವಳ ಒಬ್ಬನೇ ಮಗ ರೋಸ್ಕೋ ವಿಯೆಟ್ನಾಮಿನಿಂದ ಪೆಟ್ಟಿಗೆಯಲ್ಲಿ ಬಂದಾಗ, ಸೈನ್ಯದವರು ಬಳಿದ ಪುಡಿಯಿಂದ ಅವನ ಮುಖವೂ ಹೀಗೇ ಆಗಿತ್ತು. ಚರ್ಚಿನಲ್ಲಿ ಎಲ್ಲರೆದುರು ಅವಳು ಕೈಚೀಲದಿಂದ ವ್ಯಾಸಲೀನ್ ಡಬ್ಬಿ ತೆಗೆದು ಮಗನ ಹಣೆಗೆ, ಕೆನ್ನೆಗೆ, ಕಿವಿಯ ಹಿಂದಕ್ಕೆಲ್ಲ ತಿಕ್ಕಿದ್ದಳು, ಶಾಲೆಗೆ ಕಳಿಸುವ ದಿನಗಳಲ್ಲಿ ಚರ್ಮ ಒಣಗಿ ಬೂದಿಗಟ್ಟದಿರಲೆಂದು ತಿಕ್ಕುತ್ತಿದ್ದಂತೆ. ಆಗ ಡಬ್ಬಿಯ ಮುಚ್ಚಳ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಓಜೆಲ್ಲಾ.

ಮುಂದಿನ ಸಂಚಿಕೆಯ ಹಾಳೆಗಳು ಲುವೀನಿಯಾಳ ಪಾಲಿಗೆ ಬಂದಿದ್ದವು. ಯಾವ ಬಣ್ಣ ಎಷ್ಟು ಎಂದು ಅಂಚಿನಲ್ಲಿ ಸಂಖ್ಯೆ ಬರೆದಿತ್ತು. ವೀರನ ಮುಖಕ್ಕೆ ಹಳದಿ, ಕೆಂಪು, ನೀಲಿ ಮೂರೂ ಸಮಸಮ. ಅವಳು ಅದನ್ನು ಎತ್ತಿಕೊಂಡು ಮೇಸ್ತ್ರಿಯ ಹತ್ತಿರ ಹೋದಳು.

"ಮೂರೂ ಒಂದೇ ಅಳತೆ ಸುರಿದ್ರೆ ಬೂದಿ ಬರ್ದೆ ಇನ್ನೇನ್ ಬರತ್ತೆ ಸಾರ್? ಹಳದಿ ಏರ್ಸಿ ನೀಲಿ ಇಳಿಸ್ಲಿ, ಮುಖಕ್ಕೆ ಜೀವ ಬರತ್ತೆ."

"ಸಂಖ್ಯೆ ನ್ಯೂಯಾರ್ಕಿಂದ ಬರೋದು ಲುವೀನಿಯಾ. ನಮ್ಮ ಕೆಲ್ಸ ಬಳಿಯೋದು."

"ಬರೆದವ್ರು ಇಂಥ ಮುಖ ಹತ್ರದಿಂದ ನೋಡಿಲ್ಲ, ಅಷ್ಟೇ."

"ಕರಿಯ ಅಂತ ಗೊತ್ತಾಗತ್ತಲ್ಲ, ಬಿಡು ಅತ್ಲಾಗೆ. ನಾಳಿದ್ದು ಮೀನು ಕಟ್ಟೋ ಕಾಗದಕ್ಕೆ ಇಷ್ಟು ಮಾತೇಕೆ?"

ಅವಳು ಬಂದು ಕೂತಳು. ಒಂದೊಂದು ಬಣ್ಣಕ್ಕೂ ಒಂದೊಂದು ಪಾರದರ್ಶಕ ಹಾಳೆ. ಆದರೆ ಎಲ್ಲದರ ಮೇಲೂ ಬಳಿಯುವುದು ಒಂದೇ ಕೆಂಪು ಮಸಿ. ಯಾವುದು ಏನಾಯಿತೆಂಬುದು ತಿಳಿಯುವುದು ಅಚ್ಚಾದ ಮೇಲೆಯೇ. ಹಾಗಾಗಿ ಅವಳ ಕುಂಚ ಅಂಚಿನ ಸಂಖ್ಯೆಯನ್ನು ಬಿಟ್ಟು ಬೇರೆ ದಾರಿ ಹಿಡಿದದ್ದು ಯಾರಿಗೂ ಗೊತ್ತಾಗಲಿಲ್ಲ. ಪಕ್ಕದಲ್ಲೇ ಇದ್ದ ಓಜೆಲ್ಲಾಳಿಗೆ ಮಾತ್ರ ಗೊತ್ತಾಯಿತು. ಅವಳು ತನ್ನ ಹಾಳೆಯ ಮೇಲೆ ಇನ್ನಷ್ಟು ಬಗ್ಗಿ ಕೂತಳು. ಎರಡು ದಿನ, ಚೌಕದಿಂದ ಚೌಕಕ್ಕೆ, ತೊಂಬತ್ತೊಂದು ಮುಖ.

ಬುಧವಾರ ಮಧ್ಯಾಹ್ನ ಪರೀಕ್ಷೆಗೆಂದು ಅಚ್ಚು ಹಾಕಿದ ಪ್ರತಿ ಬಂತು, ಇನ್ನೊಂದು ನ್ಯೂಯಾರ್ಕಿಗೆ ಹೋಯಿತು. ಓಜೆಲ್ಲಾ ಬಾಯಲ್ಲಿದ್ದ ಜೋಳದ ರೊಟ್ಟಿಯನ್ನು ಅಗಿಯುವುದನ್ನೇ ಮರೆತಳು. ವೀರನ ಮುಖಕ್ಕೆ ಬಿಸಿಲಿಗೆ ಹಿಡಿದ ಕಾಕಂಬಿಯ ಬಣ್ಣ. ಈಗಷ್ಟೇ ಮುಖ ತೊಳೆದು ಹೊಸ್ತಿಲು ದಾಟಿದವನ ಹಾಗೆ ಇದ್ದ.

"ಅಕ್ಕಾ," ಎಂದಳು ಮೆಲ್ಲಗೆ, "ಈಗ ಇವನಿಗೂ ಮನೇಲಿ ತಾಯಿ ಇದಾಳೆ ಅನ್ಸತ್ತೆ."

ಲುವೀನಿಯಾ ಬೆರಳ ತುದಿಯಿಂದ ಆ ಕೆನ್ನೆಯನ್ನು ಒಮ್ಮೆ ಮುಟ್ಟಿ ಪ್ರತಿಯನ್ನು ಮಡಿಸಿಟ್ಟಳು.

ಗುರುವಾರ ಬೆಳಿಗ್ಗೆ ಹಾಲೊರನ್ ಕೋಟನ್ನೂ ಬಿಚ್ಚದೆ ನೇರ ಅವಳ ಮೇಜಿಗೇ ಬಂದ.

"ನ್ಯೂಯಾರ್ಕಿಂದ ಫೋನ್ ಬಂದಿತ್ತು. ಮೊದಲ್ನೇ ಪುಸ್ತಕದಲ್ಲಿ ಒಂದು ಬಣ್ಣ, ಎರಡ್ನೇದ್ರಲ್ಲಿ ಇನ್ನೊಂದು. ಓದೋರು ಇವನ್ಯಾರೋ ಬೇರೆಯವ್ನು ಅಂದ್ಕೋತಾರಂತೆ. ಅಳ್ಸು. ಸಂಖ್ಯೆ ಪ್ರಕಾರ ಬಳಿ. ಸಂಜೆ ಲಾರಿ ಹೊರಡೋದ್ರೊಳಗೆ ಆಗ್ಬೇಕು."

"ನನ್ನ ಕೈಲಿ ಆಗಲ್ಲ ಸಾರ್."

"ಆಗಲ್ವೋ, ಮಾಡಲ್ವೋ?"

"ಆ ಬಣ್ಣಾನ ಒಂದ್ಸಲ ಕಣ್ಣಾರೆ ನೋಡಿದೀನಿ. ಕೈಯಾರೆ ಬಳಿಯಲ್ಲ."

ಹಾಲೊರನ್ ಹಾಳೆಗಳ ಕಟ್ಟನ್ನು ಎತ್ತಿ ಓಜೆಲ್ಲಾಳ ಮುಂದಿಟ್ಟ. "ಹಾಗಾದ್ರೆ ನೀನು ಮನೆಗೆ ಹೋಗು," ಎಂದು ಲುವೀನಿಯಾಳಿಗೆ ಹೇಳಿ ತನ್ನ ಕೋಣೆಗೆ ಹೋದ.

ಹಿತ್ತಾಳೆ ಕಾರ್ಖಾನೆ ಮುಚ್ಚಿದ ಮೇಲೆ ಓಜೆಲ್ಲಾಳ ಗಂಡ ಮನೆಯಲ್ಲೇ ಕೂತಿದ್ದ. ಒಲೆ ಉರಿಯುತ್ತಿದ್ದದ್ದು ಅವಳೊಬ್ಬಳಿಂದ. ಅವಳು ತಲೆ ಎತ್ತಲಿಲ್ಲ. ಸ್ಪಿರಿಟ್ ಸೀಸೆಯ ಬಿರಡೆ ತೆಗೆದು ಮಸಿ ಅಳಿಸಲು ಬಟ್ಟೆ ಒದ್ದೆ ಮಾಡಿದಳು. ಪಕ್ಕದಲ್ಲಿ ಲುವೀನಿಯಾ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು, ಒಂದೊಂದಾಗಿ, ಕೆಳಗಿನಿಂದ ಮೇಲಕ್ಕೆ.

"ಬೈದಾದ್ರೂ ಹೋಗೇ ಅಕ್ಕಾ."

ಲುವೀನಿಯಾ ಬೈಯಲಿಲ್ಲ. ಕೈಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. "ಸ್ಪಿರಿಟ್ಟು ಚರ್ಮ ಒಣಗ್ಸತ್ತೆ. ಕೆಲ್ಸ ಮುಗಿದ ಮೇಲೆ ಹಚ್ಕೋ."

ಚರ್ಚಿನಲ್ಲಿ ತೆಗೆದಿದ್ದ ಡಬ್ಬಿ ಅದೇ ಎಂಬುದು ಮುಚ್ಚಳ ನೋಡುತ್ತಲೇ ಓಜೆಲ್ಲಾಳಿಗೆ ತಿಳಿಯಿತು.

ನಾಲ್ಕು ಗಂಟೆಯೊಳಗೆ ತೊಂಬತ್ತೊಂದು ಮುಖಗಳೂ ಸಂಖ್ಯೆಯ ಪ್ರಕಾರ ಆದವು. ಲಾರಿ ಹೋಯಿತು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಓಜೆಲ್ಲಾ ಮೇಜಿಗೆ ಬಂದಾಗ ಡಬ್ಬಿ ಇಟ್ಟಲ್ಲೇ ಇತ್ತು, ಮುಚ್ಚಳ ತೆರೆದಿರಲಿಲ್ಲ. ಅವಳು ದೀಪ ಹಾಕಿ ಕುಂಚ ಎತ್ತಿಕೊಂಡಳು. ಸ್ಪಿರಿಟ್ಟಿಗೆ ಒಣಗಿ ಮಣಿಕಟ್ಟಿನವರೆಗೂ ಅವಳ ಎರಡೂ ಕೈ ಬೂದಿಯ ಬಣ್ಣಕ್ಕೆ ತಿರುಗಿದ್ದವು.