ಕಪ್ಪು ಕುದುರೆ, ಬಿಳಿ ಮಂತ್ರಿ

ತಾಲ್ಲೂಕು ಚದುರಂಗದ ಫೈನಲ್. ಗೆದ್ದವನಿಗೆ ಮಂತ್ರಿಗಳೇ ಬಂದು ಕಪ್ ಕೊಡುವವರಿದ್ದರು. ಅವರ ಪಕ್ಕ ನಿಂತ ಫೋಟೊ ತರುತ್ತೇನೆ, ಇಲ್ಲವಾದರೆ ಮೀಸೆ ಬೋಳಿಸುತ್ತೇನೆ ಎಂದು ಊರಿನ ಕ್ಷೌರದಂಗಡಿಯಲ್ಲಿ ಕೂಗಾಡಿ ಬಂದಿದ್ದೆ.

ನನ್ನದು ಕಪ್ಪು ಕಾಯಿ. ಎದುರಿಗೆ ಬಿಳಿ ಕಾಯಿ ಹಿಡಿದ ಲೆಕ್ಕದ ಮೇಷ್ಟ್ರು. ಅವರು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ, "ಬ್ಲೇಡು ತಂದಿದೀಯೇನಯ್ಯಾ?" ಎಂದರು.

"ತಂದಿದೀನಿ. ಆಟ ಮುಗೀಲಿ, ನಿಮ್ಮ ಮೀಸೆಗೇ ಆಗುತ್ತೆ."

ಒಳಗೆ ಜನರನ್ನು ಬಿಟ್ಟಿರಲಿಲ್ಲ. ಕಿಟಕಿಯಲ್ಲಿ ನಿಂತ ನನ್ನ ಭಾಮೈದ ವೀರಭದ್ರ ಒಂದೊಂದು ನಡೆಯನ್ನೂ ಶಾಮಿಯಾನದ ಕಡೆಗೆ ಕೂಗಿ ಹೇಳುತ್ತಿದ್ದ. ಮೂವತ್ತನೆಯ ನಡೆಯಲ್ಲಿ ನನ್ನ ಕುದುರೆ ಒಂದೇ ನೆಗೆತಕ್ಕೆ ರಾಜನಿಗೂ ಮಂತ್ರಿಗೂ ಗುರಿಯಿಟ್ಟಿತು. ಮೇಷ್ಟ್ರು ರಾಜನನ್ನು ಸರಿಸಿದರು. ನಾನು ಮಂತ್ರಿಯನ್ನು ಹೊಡೆದೆ.

"ಮಂತ್ರಿ ಹೋದ ಕಣ್ರಪ್ಪೋ!" ಎಂದು ವೀರಭದ್ರ ಅರಚಿದ.

ಮೇಷ್ಟ್ರು ಸೋಲೊಪ್ಪಿ ಕೈ ಕೊಟ್ಟರು. ನಾನು ಕುಣಿಯುತ್ತ ಹೊರಗೋಡಿ ವೇದಿಕೆ ಹತ್ತಿದೆ. ಅಲ್ಲಿ ಎಲ್ಲರೂ ಎದ್ದು ತಲೆ ತಗ್ಗಿಸಿ ನಿಂತಿದ್ದರು.

"ಏನ್ರೀ ಇದು, ಗೆದ್ದವನಿಗೆ ಒಂದು ಚಪ್ಪಾಳೆನೂ ಇಲ್ವಾ?"

"ಬಾಯ್ಮುಚ್ಚಿ ನಿಲ್ಲಯ್ಯ," ಎಂದು ಮೈಕಿನ ಮುಂದಿದ್ದ ಕಾರ್ಯದರ್ಶಿ ಗದರಿದರು. "ಮಂತ್ರಿಗಳು ಹೋಗ್ಬಿಟ್ರಂತೆ. ಎರಡು ನಿಮಿಷ ಮೌನ."

ಅವರ ಜೊತೆಗೆ ನನ್ನ ಮೀಸೆಯೂ ಹೋಯಿತು ಎಂದುಕೊಂಡು ನಾನೂ ತಲೆ ತಗ್ಗಿಸಿದೆ. ಯಾರೋ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತರು. ಫೋಟೊದವನು ಕ್ಲಿಕ್ಕಿಸಿದ.

ಆ ಫೋಟೊ ಈಗ ಕ್ಷೌರದಂಗಡಿಯ ಗೋಡೆಯ ಮೇಲಿದೆ. ತಡವಾಗಿ ಬಂದ ಮಂತ್ರಿಗಳು, ಸತ್ತವರು ಯಾರೆಂದೂ ಕೇಳದೆ, ನನ್ನ ಮೀಸೆಯ ಪಕ್ಕದಲ್ಲಿ ತಲೆ ತಗ್ಗಿಸಿ ತಮಗೆ ತಾವೇ ಶ್ರದ್ಧಾಂಜಲಿ ಸಲ್ಲಿಸುತ್ತಿದ್ದಾರೆ.