ಆಲ್ ಬಟ್ ಸೆಟಲ್ಡ್

ಸಕ್ಕರೆಯ ಚಮಚ ಪಕ್ಕದ ಮನೆಯ ತೆಲುಗು ಆಂಟಿಯ ಬಾಯಿಯ ಹತ್ತಿರ ಹೋದಾಗ ಲಹರಿ, "ತಡೀ ಅವ್ವಾ, ನನ್ನ ಮದುವಿ ಇನ್ನೂ ಗಟ್ಟಿ ಆಗಿಲ್ಲ" ಎಂದಳು.

ಗೌರವ್ವನ ಕೈ ಅಲ್ಲೇ ನಿಂತಿತು. ಕೂಕಟ್‌ಪಲ್ಲಿಯ ಆ ಮಹಡಿಯ ಉಳಿದವರೆಲ್ಲ ಆಗಲೇ ಬಾಯಿ ಸಿಹಿ ಮಾಡಿಕೊಂಡಿದ್ದರು. ಅಪ್ಪ ಸಿದ್ದರಾಮಪ್ಪ ಮೊಬೈಲ್ ಮುಂದೆ ಹಿಡಿದರು. "ಹುಡುಗನ ಅಪ್ಪಾರ ಬರದಾರಲ್ಲ, 'ಆಲ್ ಬಟ್ ಸೆಟಲ್ಡ್' ಅಂತ! ಎಲ್ಲಾ ಮುಗೀತು ಅಂತಲ್ಲೇನು?"

"ಮುಗಿಯಾಕ ಬಂದೈತಿ ಅಂತ, ಅಪ್ಪಾ. ಒಂದು ಉಳದೈತಿ. ಕೆಳಗ ಓದ್ರಿ."

ಕೆಳಗೆ ಒಂದೇ ಸಾಲಿತ್ತು: ಹುಡುಗಿಯ ಒಪ್ಪಿಗೆ ಕೇಳಿ ತಿಳಿಸಿ. ಸಿದ್ದರಾಮಪ್ಪ ಅದನ್ನು ನಿಧಾನವಾಗಿ ಓದಿ, ಹೆಂಡತಿಯ ಕೈಯಿಂದ ಸಕ್ಕರೆ ಬಟ್ಟಲು ತೆಗೆದುಕೊಂಡು ಮಗಳ ಎದುರು ನಿಂತರು.

"ನಿನ್ನ ಕೇಳೋದನ್ನ ಮರತಬಿಟ್ಟಿದ್ದೆ ನೋಡವಾ. ನಿನಗ ಮನಸ್ಸೈತೇನು?"

"ಇಲ್ಲ ಅಂದ್ರ? ತಿಂದವರ ಬಾಯಿಂದ ಸಕ್ಕರಿ ವಾಪಸ್ ತರ್ತೀರೇನು?"

"ಒಂದೊಂದು ಮನಿ ಬಾಗಲಕ್ಕ ಹೋಗಿ, ತಪ್ಪಾತ್ರಿ ಅಂತ ಹೇಳಿ ಬರ್ತೀನಿ."

ಅಪ್ಪ ಆಗಲೇ ಚಪ್ಪಲಿಯತ್ತ ನೋಡುತ್ತಿದ್ದರು. ಲಹರಿಗೆ ಆ ಹುಡುಗ ಮೊದಲ ದಿನವೇ ಹಿಡಿಸಿದ್ದ. ಅವಳು ನಗುತ್ತ ಅಪ್ಪನ ತೋಳು ಹಿಡಿದು, ಸಕ್ಕರೆಗೆ ಬಾಯಿ ತೆರೆದಳು.