ಮೊದಲ ಬಾಗಿನ

ಹ್ಯಾಂಬರ್ಗ್‌ನ ಆಸ್ಪತ್ರೆಯಲ್ಲಿ ಗಂಡನ ಹೃದಯದ ಶಸ್ತ್ರಚಿಕಿತ್ಸೆ ನಡೆದು ಎರಡು ದಿನವಾಗಿತ್ತು. ಮೈಸೂರಿನ ಬಾಡಿಗೆ ಮನೆಯಲ್ಲಿದ್ದ ಗೆರ್ಡಾಳಿಗೆ ಇನ್ನೂ ಸುದ್ದಿಯಿರಲಿಲ್ಲ. ಫೋನ್ ಇದ್ದದ್ದು ಕೆಳಗೆ, ಮನೆಯೊಡತಿ ತುಂಗಮ್ಮನವರಲ್ಲಿ ಮಾತ್ರ.

ಗೌರಿ ಹಬ್ಬದ ಬೆಳಿಗ್ಗೆ ಅವರು ಕರೆದರೆಂದು ಆಕೆ ಇಳಿದು ಬಂದಾಗ, ಮುತ್ತೈದೆಯರು ಬಾಗಿನಕ್ಕೆ ಸಾಲಾಗಿ ಕೂತಿದ್ದರು.

“ತುಂಗಮ್ಮನವರೇ, ಫೋನ್ ಬಂದಿತೇ?” ಪುಸ್ತಕದಿಂದ ಕಲಿತ ಕನ್ನಡದಲ್ಲೇ ಕೇಳಿದಳು.

“ಮೊದ್ಲು ಕೂತ್ಕೊಳ್ಳಿ ಗೆರ್ಡಮ್ಮ. ಶುಭ ಕೆಲಸ ಮುಗೀಲಿ.”

“ಗೆರ್ಡಮ್ಮನ ಸೆರಗು ಜಾರ್ತಿದೆ, ಯಾರಾದ್ರೂ ಹಿಡ್ಕೊಳ್ರೇ!” ಪಕ್ಕದ ಮನೆಯಾಕೆ ಕಿಚಾಯಿಸಿದಳು. ಎಲ್ಲರೂ ನಕ್ಕರು, ಗೆರ್ಡಾಳೂ ನಕ್ಕಳು. ಮೂರು ವರ್ಷ ಹೊಸಿಲಾಚೆ ನಿಂತು ಹಬ್ಬ ನೋಡಿದವಳನ್ನು ಒಳಗೆ ಕೂರಿಸಿದ್ದು ಇದೇ ಮೊದಲು.

ತುಂಗಮ್ಮ ಅವಳ ಹಣೆಗೆ ಕುಂಕುಮವಿಟ್ಟರು, ಹಸಿರು ಬಳೆ ತೊಡಿಸಿದರು, ಸೆರಗಿನ ಮರೆಯಲ್ಲಿ ಬಾಗಿನದ ಮೊರ ನೀಡಿದರು. ನೀಡಿದ ಮೇಲೂ ಸ್ವಲ್ಪ ಹೊತ್ತು ಮೊರದ ಅಂಚು ಬಿಡಲಿಲ್ಲ. ಉಳಿದವರನ್ನು ಕಳಿಸಿ, ಬಾಗಿಲು ಹಾಕಿ ಬಂದು ಅವಳ ಎದುರು ಕೂತರು.

“ಫೋನ್ ನಿನ್ನೇನೇ ಬಂತು, ಗೆರ್ಡಮ್ಮ. ಸುದ್ದಿ ಕಿವಿಗೆ ಬೀಳೋವರೆಗೂ ನೀವು ಮುತ್ತೈದೇನೇ. ಒಂದು ಸಲವಾದ್ರೂ ಬಾಗಿನ ತಗೊಳ್ಳಿ ಅಂತ ಮುಚ್ಚಿಟ್ಟೆ.”